ಇಳಿಜಾರಿನ ಮೇಲೆ ಫೋರ್ಕ್‌ಲಿಫ್ಟ್

ಗೋದಾಮುಗಳಲ್ಲಿ ಕಾಣುವ ಸಾಮಾನ್ಯ ಫೋರ್ಕ್‌ಲಿಫ್ಟ್ ಕೆಲಸ ಮಾಡುವುದು ಏತದ ಹಾಗೆ. ಮುಂದಿನ ಚಕ್ರಗಳ ಅಚ್ಚೇ ಅದರ ಆನಿಕೆ. ಫೋರ್ಕಿನ ಮೇಲಿನ ಸರಕು ಮುಂದಕ್ಕೆ ಜಗ್ಗಿದರೆ, ಹಿಂಬದಿಯ ಕಬ್ಬಿಣದ ಕೌಂಟರ್‌ವೇಟ್ ಹಿಂದಕ್ಕೆ ಜಗ್ಗುತ್ತದೆ. ನಾಲ್ಕು ಚಕ್ರಗಳಿದ್ದರೂ ಗಾಡಿಗೆ ಆಸರೆ ಮೂರೇ ಬಿಂದು: ಮುಂದಿನ ಎರಡು ಚಕ್ರಗಳು ಮತ್ತು ಹಿಂದಿನ ಅಚ್ಚು ಓಲಾಡುವ ನಡುಗೀಲು. ಗಾಡಿ ಮತ್ತು ಸರಕಿನ ಒಟ್ಟು ಗುರುತ್ವಕೇಂದ್ರದಿಂದ ನೇರ ಕೆಳಗೆ ಎಳೆದ ಗೆರೆ ಈ ತ್ರಿಕೋನವನ್ನು ದಾಟಿತೆಂದರೆ ಗಾಡಿ ಮಗುಚುತ್ತದೆ.

ಫೋರ್ಕಿನ ಜೊತೆಗೆ ಅಥವಾ ಅದರ ಬದಲಿಗೆ ಕೂರಿಸುವ ಸಾಧನಗಳು ಅಟ್ಯಾಚ್‌ಮೆಂಟುಗಳು. ಸರಕನ್ನು ಎಡಬಲಕ್ಕೆ ಸರಿಸುವ ಸೈಡ್ ಶಿಫ್ಟರ್, ಕಾಗದದ ಸುರುಳಿಯನ್ನು ತಬ್ಬಿ ಹಿಡಿಯುವ ಕ್ಲ್ಯಾಂಪ್, ಡ್ರಮ್ ಹಿಡಿಕೆ, ತೊಟ್ಟಿಯನ್ನು ಬೋರಲು ಹಾಕುವ ರೊಟೇಟರ್ ಇವುಗಳಲ್ಲಿ ಕೆಲವು. ಇವು ಗಾಡಿಯ ಸಾಮರ್ಥ್ಯವನ್ನು ಎರಡು ಬಗೆಯಲ್ಲಿ ತಿನ್ನುತ್ತವೆ: ತಮ್ಮ ತೂಕದಿಂದ ಒಮ್ಮೆ, ಸರಕನ್ನು ಅಚ್ಚಿನಿಂದ ಇನ್ನಷ್ಟು ಮುಂದಕ್ಕೆ ತಳ್ಳುವುದರಿಂದ ಮತ್ತೊಮ್ಮೆ.

ಒಂದು ಲೆಕ್ಕ ಹಾಕಿ ನೋಡಬಹುದು. ಅಚ್ಚಿನಿಂದ 1 ಮೀಟರ್ ಮುಂದಿರುವ 2500 ಕೆಜಿಯನ್ನು ಎತ್ತಬಲ್ಲ ಗಾಡಿ ಇದೆಯೆನ್ನೋಣ. ಅದಕ್ಕೆ 400 ಕೆಜಿಯ ಕ್ಲ್ಯಾಂಪ್ ಕೂರಿಸಿದೆ. ಕ್ಲ್ಯಾಂಪಿನ ಭಾರಕೇಂದ್ರ ಅಚ್ಚಿನಿಂದ 75 ಸೆಂ.ಮೀ. ಮುಂದಿದೆ, ಸರಕು 10 ಸೆಂ.ಮೀ. ಮುಂದೆ ಹೋಗಿದೆ. 2500ರಲ್ಲಿ ಕ್ಲ್ಯಾಂಪಿನ ಪಾಲಾದ 300 (400 × 0.75) ಕಳೆದು, ಉಳಿದ 2200ನ್ನು 1.1ರಿಂದ ಭಾಗಿಸಿದರೆ ಸಿಗುವುದು 2000 ಕೆಜಿ. ಸಾಧನದ ತೂಕ 400, ಸಾಮರ್ಥ್ಯದ ನಷ್ಟ 500. ಅಟ್ಯಾಚ್‌ಮೆಂಟ್ ಬದಲಾದಾಗ ಸಾಮರ್ಥ್ಯದ ಫಲಕವೂ ಬದಲಾಗಬೇಕು ಎನ್ನುವುದು ಇದೇ ಕಾರಣಕ್ಕೆ. ಹಳೆಯ ಫಲಕವನ್ನೇ ನಂಬಿದ ಚಾಲಕ ತನಗೆ ಗೊತ್ತಿಲ್ಲದೆಯೇ ಹೆಚ್ಚು ಹೊರೆ ಹೇರಿರುತ್ತಾನೆ.

ಇಳಿಜಾರು ಕೈ ಹಾಕುವುದೂ ಗಾಡಿಯ ಇದೇ ಸಮತೋಲಕ್ಕೆ. ಹತ್ತು ಮೀಟರಿಗೆ ಒಂದು ಮೀಟರ್ ಏರುವ, ಅಂದರೆ ಶೇ. 10ರ ರ್‍ಯಾಂಪಿನ ಮೇಲೆ, ನೆಲದಿಂದ 1.2 ಮೀಟರ್ ಎತ್ತರದ ಗುರುತ್ವಕೇಂದ್ರ ತಗ್ಗಿನ ಕಡೆಗೆ ಸುಮಾರು 12 ಸೆಂ.ಮೀ. ವಾಲುತ್ತದೆ. ಸರಕು ಎತ್ತರದಲ್ಲಿದ್ದಷ್ಟೂ ವಾಲುವುದು ಹೆಚ್ಚು. ಆದ್ದರಿಂದ ನೆಲಕ್ಕೆ ತಾಗದಷ್ಟು ಮಾತ್ರ ಸರಕನ್ನು ಎತ್ತಿ, ಫೋರ್ಕ್ ಏರಿಳಿಯುವ ಕಂಬವಾದ ಮಾಸ್ಟನ್ನು ಹಿಂದಕ್ಕೆ ವಾಲಿಸಿ, ನಿಧಾನವಾಗಿ ಸಾಗಬೇಕು.

ಹೊರೆ ಹೊತ್ತ ಗಾಡಿಯಲ್ಲಿ ಸರಕು ಯಾವಾಗಲೂ ಏರಿನ ಕಡೆಗಿರಬೇಕು: ಹತ್ತುವಾಗ ಮುಮ್ಮುಖವಾಗಿ, ಇಳಿಯುವಾಗ ರಿವರ್ಸ್‌ನಲ್ಲಿ. ಶೇ. 10ಕ್ಕಿಂತ ಕಡಿದಾದ ಕಡೆ ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮ ಇದನ್ನು ಕಡ್ಡಾಯ ಮಾಡಿದೆ. ಖಾಲಿ ಗಾಡಿಗೆ ಇದು ತಿರುವುಮುರುವು. ಅದರ ಭಾರವೆಲ್ಲ ಹಿಂದಿರುವುದರಿಂದ ಫೋರ್ಕ್ ತಗ್ಗಿನ ಕಡೆಗಿರುವುದೇ ವಾಡಿಕೆ. ಇಲ್ಲವಾದರೆ ಗುರುತ್ವಕೇಂದ್ರ ತ್ರಿಕೋನದ ಕಿರಿದಾದ ತುದಿಗೆ ಜಾರಿ, ಗಾಡಿಯನ್ನು ಎಳೆಯುವ ಮುಂದಿನ ಚಕ್ರಗಳ ಹಿಡಿತವೂ ಸಡಿಲಾಗುತ್ತದೆ.

ಭಾರಿ ಕ್ಲ್ಯಾಂಪ್ ಕೂರಿಸಿದ ಗಾಡಿ ಮಾತ್ರ ಸರಕಿಲ್ಲದಿದ್ದರೂ ಖಾಲಿಯಲ್ಲ. ಅದನ್ನು ಭಾಗಶಃ ಹೊರೆ ಹೊತ್ತ ಗಾಡಿಯೆಂದೇ ನಡೆಸಬೇಕು ಎನ್ನುತ್ತದೆ ಅದೇ ನಿಯಮ. ತರಬೇತಿಯಲ್ಲಿ ಬಾಯಿಪಾಠ ಮಾಡಿದ ಖಾಲಿ ಗಾಡಿಯ ಸೂತ್ರ ಕೈಕೊಡುವುದು ಇಲ್ಲಿಯೇ. ತಯಾರಕರ ಕೈಪಿಡಿ ನೋಡದೆ ರ್‍ಯಾಂಪಿಗೆ ಇಳಿಯಬಾರದು.

ಇಳಿಜಾರಿನ ಮೇಲೆ ಗಾಡಿ ತಿರುಗಿಸುವುದು, ಅಡ್ಡಲಾಗಿ ಓಡಿಸುವುದು ಇನ್ನೂ ಅಪಾಯ. ಸೈಡ್ ಶಿಫ್ಟರ್ ಹತ್ತು ಸೆಂ.ಮೀ. ಪಕ್ಕಕ್ಕೆ ಸರಿದಿದ್ದರೂ ತ್ರಿಕೋನದ ಅಂಚು ಅಷ್ಟು ಹತ್ತಿರವಾದಂತೆ. ಹೊರಡುವ ಮುನ್ನವೇ ಅದನ್ನು ನಡುವಿಗೆ ತರಬೇಕು. ಗಾಡಿ ಮಗುಚತೊಡಗಿದರೆ ಹೊರಕ್ಕೆ ಜಿಗಿಯುವವರೇ ಅದರಡಿ ಸಿಕ್ಕಿಕೊಳ್ಳುವುದು. ಸೀಟ್ ಬೆಲ್ಟ್ ಕಟ್ಟಿಕೊಂಡ ಚಾಲಕ ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದು, ಕಾಲೂರಿ, ಗಾಡಿ ಬೀಳುತ್ತಿರುವ ದಿಕ್ಕಿಗೆ ಎದುರಾಗಿ ವಾಲಿ ಸೀಟಿನಲ್ಲೇ ಉಳಿಯಬೇಕು.