ಮದುವೆ ಸಿಡಿಗೆ ಗೀರು ಬಿದ್ದಿದೆಯಾ? ಟೂತ್‌ಪೇಸ್ಟ್ ತಗೊಳ್ಳೋ ಮೊದಲು ಡಿಸ್ಕ್ ತಿರುಗಿಸಿ ನೋಡಿ

ಕರ್ನಾಟಕದಲ್ಲಿ ಸಿಡಿ ಅಂದ ತಕ್ಷಣ ಜನರಿಗೆ ರಾಜಕೀಯ ನೆನಪಾಗುತ್ತೆ. ಇವತ್ತಿನ ಎಪಿಸೋಡ್ ಆ ಸಿಡಿ ಬಗ್ಗೆ ಅಲ್ಲ. ನಿಮ್ಮ ಮನೆ ಷೋಕೇಸ್‌ನಲ್ಲೋ, ಬೀರುವಿನಲ್ಲಿ ಸೀರೆಗಳ ಕೆಳಗೋ ಇರೋ ಸಿಡಿ, ಡಿವಿಡಿ ಬಗ್ಗೆ. ನಿಮ್ಮ ನಾಮಕರಣ, ಅಕ್ಕನ ಮದುವೆ, ಈಗ ನಮ್ಮ ಜೊತೆ ಇಲ್ಲದ ಅಜ್ಜಿಯ ದನಿ ಎಲ್ಲಾ ಅದರಲ್ಲಿದೆ. ಎಷ್ಟೋ ಮನೆಗಳಲ್ಲಿ ಇದಕ್ಕೆ ಎರಡನೇ ಕಾಪಿ ಇಲ್ಲ. ಪ್ಲೇಯರ್‌ಗೆ ಹಾಕಿದ್ರೆ ಸರಿಯಾಗಿ ಮುಹೂರ್ತದ ಹೊತ್ತಿಗೆ ಬಂದು ನಿಂತುಬಿಡುತ್ತೆ. ಆಗ ಯಾರೋ ಒಬ್ಬರು ಹೇಳ್ತಾರೆ, "ಪೇಸ್ಟ್ ಹಚ್ಚಿ ಉಜ್ಜು, ಸರಿ ಹೋಗುತ್ತೆ."

ಸರಿ ಹೋಗುತ್ತಾ? ಕೆಲವು ಸಲ ಹೌದು. ಕೆಲವು ಸಲ ಇದ್ದದ್ದೂ ಹೋಗುತ್ತೆ. ಯಾವಾಗ ಏನು ಅಂತ ನೋಡೋಣ.

ಸಿಡಿ ದಪ್ಪ 1.2 ಮಿಲಿಮೀಟರ್. ಅದರಲ್ಲಿ ಹೆಚ್ಚುಕಮ್ಮಿ ಪೂರ್ತಿ ಪಾಲಿಕಾರ್ಬೊನೇಟ್ ಅನ್ನೋ ಪಾರದರ್ಶಕ ಪ್ಲಾಸ್ಟಿಕ್. ಮಾಹಿತಿ ಇರೋದು ಹೊಳೆಯೋ ಮುಖದ ಮೇಲೆ ಅಂತ ನಾವು ಅಂದ್ಕೊಂಡಿರ್ತೀವಿ. ಅಲ್ಲ, ಅದು ಇರೋದು ಹೆಸರು ಬರೆಯೋ ಕಡೆ, ಲೇಬಲ್‌ನ ಕೆಳಗೆ. ಅಲ್ಲಿ ಒಂದು ತೆಳು ಲೋಹದ ಪದರ, ಅದರ ಮೇಲೆ ವಾರ್ನಿಷ್, ಅಷ್ಟೇ. ಲೇಸರ್ ಕಿರಣ ಹೊಳೆಯೋ ಕಡೆಯಿಂದ ಪ್ಲಾಸ್ಟಿಕ್ ದಾಟಿ ಹೋಗಿ, ಆ ಪದರಕ್ಕೆ ತಾಗಿ ವಾಪಸ್ ಬರುತ್ತೆ. ಅಂದ್ರೆ ಈ ಪ್ಲಾಸ್ಟಿಕ್ ಕಿಟಕಿ ಗಾಜಿದ್ದ ಹಾಗೆ. ಗಾಜಿಗೆ ಗೀರು ಬಿದ್ದರೆ ಆಚೆ ಇರೋದು ಸರಿಯಾಗಿ ಕಾಣಲ್ಲ, ಆದ್ರೆ ಹಾಳಾಗಿಲ್ಲ.

ಲೇಬಲ್ ಕಡೆ ಗೀರು ಬಿದ್ದರೆ ಕಥೆನೇ ಬೇರೆ. ಸಿಡಿ ಹಿಂದೆ ಮೊಬೈಲ್ ಟಾರ್ಚ್ ಹಿಡಿದು ನೋಡಿ. ಸೂಜಿ ಚುಚ್ಚಿದ ಹಾಗೆ ಅಲ್ಲಲ್ಲಿ ಬೆಳಕು ತೂರಿ ಬಂದರೆ ಅಷ್ಟು ಜಾಗದಲ್ಲಿ ಪದರ ಎದ್ದುಹೋಗಿದೆ. ಅಲ್ಲಿದ್ದ ಮಾಹಿತಿ ಯಾವ ಪೇಸ್ಟ್‌ಗೂ ವಾಪಸ್ ಬರಲ್ಲ. ಡಿವಿಡಿ ಸ್ವಲ್ಪ ಗಟ್ಟಿ. ಅದು 0.6 ಮಿಲಿಮೀಟರ್‌ನ ಎರಡು ತಟ್ಟೆ ಅಂಟಿಸಿ ಮಾಡಿದ್ದು, ಮಾಹಿತಿ ಮಧ್ಯದಲ್ಲಿರುತ್ತೆ.

ಈಗ ಪೇಸ್ಟ್ ವಿಚಾರ. ಅದು ಗೀರನ್ನ ತುಂಬುತ್ತೆ ಅಂತ ಬಹಳ ಜನ ನಂಬಿದ್ದಾರೆ. ಅದು ಮಾಡೋದು ಉಲ್ಟಾ ಕೆಲಸ. ಹಲ್ಲಿನ ಕೊಳೆ ತೆಗೆಯೋಕೆ ಪೇಸ್ಟ್‌ನಲ್ಲಿ ನುಣ್ಣನೆಯ ಪುಡಿ ಇರುತ್ತೆ, ಅದು ಗೀರಿನ ಚೂಪು ಅಂಚನ್ನ ಸವೆಸುತ್ತೆ. ಅಂಚು ನುಣುಪಾದ್ರೆ ಲೇಸರ್ ಅಡ್ಡಾದಿಡ್ಡಿ ಚದುರೋದು ಕಡಿಮೆಯಾಗುತ್ತೆ. ಬಿಕಾಂನಲ್ಲಿ ಡಿಪ್ರಿಸಿಯೇಷನ್‌ಗೆ ಕನ್ನಡದಲ್ಲಿ ಸವಕಳಿ ಅಂತೀವಲ್ಲ, ಇಲ್ಲಿ ಅದು ಅಕ್ಷರಶಃ ಸವಕಳಿ. ಪ್ರತಿ ಸಲ ಉಜ್ಜಿದಾಗಲೂ ಡಿಸ್ಕ್‌ನ ಒಂದಿಷ್ಟು ಭಾಗ ಖರ್ಚಾಗ್ತಿದೆ. ಹಾಗಾಗಿ ಉಜ್ಜೋದು ಕೊನೆಯ ಉಪಾಯ, ಮೊದಲನೇದಲ್ಲ.

ಮೊದಲು ಬರೀ ನೀರಿಗೆ ಒಂದು ಹನಿ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ತೊಳೆಯಿರಿ. ಮೆತ್ತಗಿರೋ ಹತ್ತಿ ಬಟ್ಟೆಯಲ್ಲಿ ಒರೆಸಿ. ಎಷ್ಟೋ ಸಲ ತೊಂದರೆ ಕೊಡ್ತಿರೋದು ಗೀರಲ್ಲ, ಬೆರಳಚ್ಚು ಮತ್ತು ಧೂಳು. ಆಮೇಲೆ ಬೇರೆ ಡ್ರೈವ್‌ನಲ್ಲಿ ಹಾಕಿ ನೋಡಿ. ಒಂದು ಓದದ್ದನ್ನ ಇನ್ನೊಂದು ಓದಬಹುದು. ಓದಿದಷ್ಟನ್ನ ಆಗಲೇ ಕಾಪಿ ಮಾಡ್ಕೊಳ್ಳಿ.

ಇಷ್ಟಾದ್ರೂ ಆಗಲಿಲ್ವಾ? ಆಗ ಮಾಮೂಲಿ ಬಿಳಿ ಪೇಸ್ಟ್ ತಗೊಳ್ಳಿ. ಉಪ್ಪು, ಇದ್ದಿಲು ಇರೋ ತರಿತರಿ ಪೇಸ್ಟ್ ಬೇಡ. ಒದ್ದೆ ಬಟ್ಟೆಯಲ್ಲಿ ಹೊಳೆಯೋ ಕಡೆಗೆ ಮಾತ್ರ ಹಗುರವಾಗಿ, ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಉಜ್ಜಿ. ಗುಂಡಗೆ ತಿರುಗಿಸಿ ಉಜ್ಜಬೇಡಿ. ಯಾಕೆ ಅಂದ್ರೆ ಮಾಹಿತಿ ಸುರುಳಿಯಾಗಿ ಸುತ್ತುತ್ತಾ ಹೋಗುತ್ತೆ. ಸಿಡಿಯಲ್ಲಿ ಆ ಸುರುಳಿಯ ಸುಮಾರು 2.5 ಮಿಲಿಮೀಟರ್ ಕಾಣದೇ ಹೋದ್ರೂ ಲೆಕ್ಕ ಹಾಕಿ ಸರಿಪಡಿಸೋ ವ್ಯವಸ್ಥೆ ಇದೆ. ಅಡ್ಡಗೀರು ಪ್ರತಿ ಸುತ್ತಿನಲ್ಲೂ ಸ್ವಲ್ಪ ಸ್ವಲ್ಪ ಮರೆ ಮಾಡುತ್ತೆ, ಪ್ಲೇಯರ್ ಸುಧಾರಿಸಿಕೊಳ್ಳುತ್ತೆ. ಸುತ್ತಿನ ಜೊತೆಗೇ ಹೋಗೋ ಗೀರು ಉದ್ದಕ್ಕೂ ನುಂಗುತ್ತೆ. ಉಜ್ಜಿದ ಮೇಲೆ ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸಿಯೇ ಡ್ರೈವ್‌ಗೆ ಹಾಕಿ.

ಗೀರನ್ನ ನಿಜವಾಗಿ ತುಂಬೋದು ವ್ಯಾಸಲಿನ್. ಚೂರೇ ಚೂರು ಸವರಿ, ಮೇಲಿನದ್ದನ್ನ ಪೂರ್ತಿ ಒರೆಸಿಬಿಡಿ. ಇದು ತಾತ್ಕಾಲಿಕ, ಒಂದು ಸಲ ಕಾಪಿ ಮಾಡ್ಕೊಳ್ಳೋವರೆಗೆ ಸಾಕು.

ಕೆಲವನ್ನ ಮಾತ್ರ ದಯವಿಟ್ಟು ಮಾಡ್ಬೇಡಿ. ನೇಲ್ ಪಾಲಿಶ್ ರಿಮೂವರ್, ಥಿನ್ನರ್ ಹಾಕಿದ್ರೆ ಪ್ಲಾಸ್ಟಿಕ್ಕೇ ಮಂಜಾಗಿ ಹಾಳಾಗುತ್ತೆ. ಬಿರುಕು ಬಿಟ್ಟ ಡಿಸ್ಕ್ ಡ್ರೈವ್‌ಗೆ ಹಾಕ್ಬೇಡಿ, ವೇಗಕ್ಕೆ ಒಳಗೇ ಚೂರಾಗಬಹುದು. ಇನ್ನು ಗೇಮ್ ಆಡೋರು ಕೇಳಿ: ಪಿಎಸ್4, ಪಿಎಸ್5 ಡಿಸ್ಕ್‌ಗಳು ಬ್ಲೂ-ರೇ. ಅದರಲ್ಲಿ ಮಾಹಿತಿ ಮೇಲ್ಮೈಯಿಂದ ಬರೀ 0.1 ಮಿಲಿಮೀಟರ್ ಒಳಗಿದೆ, ಮೇಲೆ ಗಟ್ಟಿ ಲೇಪನ ಇದೆ. ಅದಕ್ಕೆ ಪೇಸ್ಟ್ ತಾಗಿಸಲೇಬೇಡಿ.

ಡಿಸ್ಕ್ ಓಡ್ತು ಅಂತ ಖುಷಿಯಲ್ಲಿ ವಿಡಿಯೋ ನೋಡ್ತಾ ಕೂರಬೇಡಿ. ಮೊದಲು ಕಾಪಿ, ಆಮೇಲೆ ಕಣ್ಣೀರು. ಲ್ಯಾಪ್‌ಟಾಪ್‌ನಲ್ಲಿ ಡ್ರೈವ್ ಇಲ್ಲದಿದ್ರೆ ಯುಎಸ್‌ಬಿಗೆ ಹಾಕೋ ಡ್ರೈವ್ ಸಿಗುತ್ತೆ. ಡಿವಿಡಿ ಮಧ್ಯೆ ಮಧ್ಯೆ ಕೈಕೊಟ್ಟರೆ ಡಿಡಿರೆಸ್ಕ್ಯೂ ಅನ್ನೋ ಉಚಿತ ಸಾಫ್ಟ್‌ವೇರ್ ಇದೆ. ಓದೋಕಾಗದ ಜಾಗ ಬಿಟ್ಟು ಮುಂದೆ ಹೋಗಿ, ಕೊನೆಗೆ ವಾಪಸ್ ಬಂದು ಮತ್ತೆ ಪ್ರಯತ್ನಿಸುತ್ತೆ.

ಒಂದು ಮಾತು ನೆನಪಿರಲಿ. ಸ್ಟುಡಿಯೋದವರು ಬರ್ನ್ ಮಾಡಿಕೊಟ್ಟ ಡಿಸ್ಕ್‌ನಲ್ಲಿ ಮಾಹಿತಿ ಇರೋದು ಒಂದು ಬಣ್ಣದ ಪದರದಲ್ಲಿ. ಶಾಖ, ಬಿಸಿಲಿಗೆ ಅದು ತಾನಾಗೇ ಕೆಡುತ್ತಾ ಹೋಗುತ್ತೆ, ಒಂದೂ ಗೀರು ಇಲ್ಲದಿದ್ರೂ ಸರಿ. ಆದ್ದರಿಂದ ನಾವು ಉಳಿಸಬೇಕಾಗಿರೋದು ಡಿಸ್ಕನ್ನಲ್ಲ, ಅದರೊಳಗಿರೋದನ್ನ. ಈ ಭಾನುವಾರ ಅಮ್ಮನ್ನ ಕೇಳಿ, ಸಿಡಿಗಳು ಎಲ್ಲಿವೆ ಅಂತ. ಚೆನ್ನಾಗಿ ಓಡ್ತಿರೋದನ್ನೇ ಮೊದಲು ಕಾಪಿ ಮಾಡಿ, ಎರಡು ಕಡೆ ಇಡಿ. ಗೀರು ಬಿದ್ದವು ಆಮೇಲೆ.

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.