ಬಿಡಾರವೂ ಮನೆಯೇ
(ಪವಿತ್ರ ಕುಟುಂಬದ ಹಬ್ಬದ ಚಿಂತನೆ)



ಕ್ರಿಸ್‌ಮಸ್ಸಿನ ಗೋದಲಿಯನ್ನು ನಾವಿನ್ನೂ ತೆಗೆದಿಟ್ಟಿಲ್ಲ. ಬಾಗಿಲ ನಕ್ಷತ್ರವೂ ಹಾಗೇ ಇದೆ. ಅಷ್ಟರಲ್ಲಿ ಧರ್ಮಸಭೆ ಪವಿತ್ರ ಕುಟುಂಬದ ಹಬ್ಬವನ್ನು ನಮ್ಮ ಮುಂದಿಡುತ್ತದೆ. ಗೋದಲಿಯಲ್ಲಿ ಜೋಸೆಫರು, ಮಾತೆ ಮರಿಯಮ್ಮನವರು ಮತ್ತು ಬಾಲಯೇಸು ಅಲ್ಲಿಯೇ ನೆಲೆನಿಂತವರ ಹಾಗೆ ಕಾಣುತ್ತಾರೆ. ಆದರೆ ಸಂತ ಮತ್ತಾಯನ ಶುಭಸಂದೇಶದ ಎರಡನೆಯ ಅಧ್ಯಾಯ ಬೇರೆಯೇ ಚಿತ್ರ ಕೊಡುತ್ತದೆ. ಆ ಎಳೆಯ ಸಂಸಾರ ರಾತ್ರೋರಾತ್ರಿ ಎದ್ದು ಈಜಿಪ್ಟಿಗೆ ಹೊರಟಿತು. ಹೆರೋದನು ಸಾಯುವವರೆಗೆ ಪರದೇಶದಲ್ಲಿತ್ತು. ಹಿಂದಿರುಗಿದಾಗಲೂ ಯೂದಾಯಕ್ಕೆ ಹೋಗಲು ಹೆದರಿ ನಜರೇತಿನಲ್ಲಿ ನೆಲೆಸಿತು. 1952ರಲ್ಲಿ ಹನ್ನೆರಡನೆಯ ಪಿಯುಸ್ ಜಗದ್ಗುರುಗಳು ವಲಸಿಗರ ಕುರಿತು ಹೊರಡಿಸಿದ ಪತ್ರದಲ್ಲಿ, ಊರು ಬಿಟ್ಟ ಎಲ್ಲ ಕುಟುಂಬಗಳಿಗೂ ಈ ಕುಟುಂಬವೇ ಮಾದರಿ ಎಂದು ಬೋಧಿಸಿದರು.

ಊರು ಬಿಡುವುದೆಂದರೆ ಏನೆಂದು ನಮ್ಮ ಸೀಮೆಯ ಜನರಿಗೆ ಹೇಳಿಕೊಡಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷ ಬಾಳೆಹೊಸೂರ, ಶಿರಹಟ್ಟಿ, ಮುಂಡರಗಿ ಕಡೆಯ ಹಳ್ಳಿಗಳಿಂದ ಗೋವಾ, ಮಂಗಳೂರು, ಬೆಂಗಳೂರುಗಳಿಗೆ ಗುಳೆ ಹೋಗುವವರನ್ನು ನಾವು ಕಂಡಿದ್ದೇವೆ. ಪರ ಊರಿನಲ್ಲಿ ಬಿಡಾರ ಹೂಡಿದವರಿಗೆ ಎದುರಾಗುವ ಮೊದಲ ಪ್ರಶ್ನೆ ಒಂದೇ: “ಯಾವೂರವರ್ರೀ? ಎಷ್ಟ ದಿನಾ ಇರ್ತೀರಿ?”

ಇದೇ ಪ್ರಶ್ನೆಯನ್ನು ಇನ್ನೊಂದು ಬಗೆಯ ಕುಟುಂಬವೂ ಕೇಳಿಸಿಕೊಳ್ಳುತ್ತದೆ. ಧರ್ಮೋಪದೇಶಕ್ಕೆ, ಯುವಜನರ ಸೇವೆಗೆ, ವಿದ್ಯಾರ್ಥಿನಿಲಯ ನೋಡಿಕೊಳ್ಳುವುದಕ್ಕೆ ಎರಡು ಮೂರು ವರ್ಷಗಳ ಮಟ್ಟಿಗೆ ಹೊಸ ನಗರಕ್ಕೆ ಬಂದ ಗಂಡ, ಹೆಂಡತಿ, ಸಣ್ಣ ಮಕ್ಕಳು. ಧರ್ಮಸೇವೆಗೆ ಬಂದ ಇಂಥ ಕುಟುಂಬ ನಮ್ಮ ಧರ್ಮಕೇಂದ್ರಕ್ಕೆ ಏನಾಗಬೇಕು? ಅತಿಥಿಯೋ, ಕೆಲಸದವರೋ, ನಮ್ಮವರೋ? ಈ ಹಬ್ಬದಂದು ಇದನ್ನು ಆಲೋಚಿಸೋಣ.

ಧರ್ಮಸೇವೆ ಮತ್ತು ಸಂಸಾರ

ಧರ್ಮಕ್ಕಾಗಿ ಊರು ಬಿಟ್ಟವರೆಂದರೆ ನಮ್ಮ ನಾಡಿನಲ್ಲಿ ಕಣ್ಣಮುಂದೆ ಬರುವವರು ಸಂಸಾರವಿಲ್ಲದವರು. ಬಾಳೆಹೊಸೂರ ಎಂದೊಡನೆ ಜನರಿಗೆ ನೆನಪಾಗುವುದು ದಿಂಗಾಲೇಶ್ವರ ಮಠ. ಮಠದ ವಿರಕ್ತ ಸ್ವಾಮಿಗಳು, ಊರೂರು ಸಂಚರಿಸುವ ಜಂಗಮರು ಈ ಮಣ್ಣಿಗೆ ಹಳಬರು. ನಮ್ಮ ಗುರುಗಳೂ ಕನ್ಯಾಸ್ತ್ರೀಯರೂ ವರ್ಗವಾಗಿ ಬಂದರೆ ನಮಗೆ ಅಚ್ಚರಿಯಿಲ್ಲ. ಅವರಿಗೆ ಗುರುನಿವಾಸವಿದೆ, ಕಾನ್ವೆಂಟಿದೆ. ಆದರೆ ಹೆಂಡತಿ ಮಕ್ಕಳೊಂದಿಗೆ, ಪಾತ್ರೆ ಪಡಗ ಕಟ್ಟಿಕೊಂಡು ಸೇವೆಗೆಂದು ಬಂದವರನ್ನು ಎಲ್ಲಿಡಬೇಕೆಂದು ನಮಗೆ ತಿಳಿಯುವುದಿಲ್ಲ.

ನಿಜ ಹೇಳಬೇಕೆಂದರೆ ಈ ಪದ್ಧತಿ ಧರ್ಮಸಭೆಯಷ್ಟೇ ಹಳೆಯದು. ಸುಮಾರು ಕ್ರಿ.ಶ. 49ರಲ್ಲಿ ಕ್ಲಾಡಿಯಸ್ ಚಕ್ರವರ್ತಿ ಯೆಹೂದ್ಯರನ್ನು ರೋಮಿನಿಂದ ಹೊರಹಾಕಿದಾಗ ಅಕ್ವಿಲ ಮತ್ತು ಪ್ರಿಸಿಲ್ಲ ಎಂಬ ದಂಪತಿ ಕೊರಿಂಥಕ್ಕೆ ಬಂದರು. ಗುಡಾರ ಮಾಡುವುದು ಅವರ ಕಸುಬು. ಅದೇ ಕಸುಬಿನ ಸಂತ ಪೌಲನು ಅವರ ಮನೆಯಲ್ಲಿ ತಂಗಿ, ಅವರೊಂದಿಗೆ ದುಡಿದನು. ಆತ ಎಫೆಸಕ್ಕೆ ಹೊರಟಾಗ ಅವರೂ ಬಿಡಾರ ಕಿತ್ತು ಜೊತೆಗೆ ನಡೆದರು. ಅಲ್ಲಿ ಅಪೊಲ್ಲೋಸನೆಂಬ ಪಂಡಿತನನ್ನು ಮನೆಗೆ ಕರೆದು ಪ್ರಭುವಿನ ಮಾರ್ಗವನ್ನು ಇನ್ನೂ ಸ್ಪಷ್ಟವಾಗಿ ತಿಳಿಸಿಕೊಟ್ಟರು. ರೋಮನರಿಗೆ ಪತ್ರ ಬರೆಯುವ ಹೊತ್ತಿಗೆ ಅವರು ಮತ್ತೆ ರೋಮಿನಲ್ಲಿದ್ದರು. ಎಫೆಸದಲ್ಲೂ ರೋಮಿನಲ್ಲೂ ಅವರ ಮನೆಯೇ ದೇವಾಲಯವಾಗಿತ್ತು. ಭಕ್ತರು ಸೇರುತ್ತಿದ್ದದ್ದು ಅಲ್ಲಿಯೇ. ಹೊಸ ಒಡಂಬಡಿಕೆಯಲ್ಲಿ ಅವರ ಹೆಸರು ಆರು ಸಲ ಬರುತ್ತದೆ. ಆರು ಸಲವೂ ಇಬ್ಬರ ಹೆಸರೂ ಜೊತೆಯಾಗಿಯೇ ಇದೆ, ನಾಲ್ಕು ಸಲ ಹೆಂಡತಿಯ ಹೆಸರೇ ಮೊದಲು. ಸೇವೆ ಗಂಡನದು, ಹೆಂಡತಿ ಸುಮ್ಮನೆ ಹಿಂಬಾಲಿಸಿದವಳು ಎಂಬ ಲೆಕ್ಕ ಅಲ್ಲಿಲ್ಲ.

1981ರಲ್ಲಿ ಸಂತ ಎರಡನೆಯ ಜಾನ್ ಪೌಲರು ಕುಟುಂಬದ ಕುರಿತು ಬರೆದ ಪ್ರಬೋಧನ ಪತ್ರದಲ್ಲಿ ಇದೇ ದಂಪತಿಯನ್ನು ನೆನೆದರು. ಬಾಳಿನ ಒಂದು ಭಾಗವನ್ನಾದರೂ ಸುವಾರ್ತಾ ಸೇವೆಗೆ ಮುಡಿಪಿಡುವ ಕುಟುಂಬಗಳಲ್ಲಿ ಧರ್ಮಸಭೆಯ ನವಚೈತನ್ಯ ಕಾಣುತ್ತದೆ ಎಂಬುದು ಅವರ ಮಾತಿನ ತಾತ್ಪರ್ಯ. ‘ಒಂದು ಭಾಗ’ ಎಂಬುದನ್ನು ಗಮನಿಸಿ. ಸ್ವಲ್ಪ ಕಾಲದ ಸೇವೆ ಅರೆಮನಸ್ಸಿನ ಸೇವೆಯಲ್ಲ.

ಬೆಟಗೇರಿ ಕಲಿಸುವ ಪಾಠ

ಗದಗ-ಬೆಟಗೇರಿಯ ಚರಿತ್ರೆಯೂ ನಮಗೆ ಒಂದು ಪಾಠ ಹೇಳುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಪ್ರೊಟೆಸ್ಟೆಂಟ್ ಬಾಸೆಲ್ ಮಿಷನ್ನಿನವರು 1840ರ ದಶಕದಲ್ಲಿ ಬೆಟಗೇರಿಯಲ್ಲಿಯೂ ನೆಲೆ ಮಾಡಿಕೊಂಡರು. ಆ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲ್ 1853ರಲ್ಲಿ ಕನ್ನಡ ನಾಡಿಗೆ ಬಂದರು. 1894ರಲ್ಲಿ ಪ್ರಕಟವಾದ ಅವರ ನಿಘಂಟನ್ನು ಕನ್ನಡಿಗರು ಇಂದಿಗೂ ಬಳಸುತ್ತಾರೆ. ಆ ದೊಡ್ಡ ಕೆಲಸದ ಹಿಂದೆ ಮನೆಯ ನೋವೂ ಇತ್ತು. ಮದುವೆಯಾದ ಕೆಲವೇ ವರ್ಷಗಳಲ್ಲಿ ಅವರ ಮೊದಲ ಪತ್ನಿ ಪೌಲಿನ ತೀರಿಕೊಂಡರು. ಮಿಷನರಿಗಳ ಮಕ್ಕಳು ಶಾಲೆಯ ವಯಸ್ಸಿಗೆ ಬಂದರೆ ಅವರನ್ನು ಯುರೋಪಿಗೆ ಕಳುಹಿಸುವುದು ಆ ಮಿಷನ್ನಿನ ವಾಡಿಕೆ. ಬಾಸೆಲ್ಲಿನಲ್ಲಿ ಅವರಿಗಾಗಿಯೇ ಮಕ್ಕಳ ಮನೆಯಿತ್ತು. ತಂದೆ ತಾಯಿ ಇಲ್ಲಿ, ಮಕ್ಕಳು ಅಲ್ಲಿ; ನಡುವೆ ಸಮುದ್ರ.

ಅವರ ತ್ಯಾಗಕ್ಕೆ ನಾವು ತಲೆಬಾಗುತ್ತೇವೆ. ಆದರೂ ಒಂದು ಮಾತು ಹೇಳಲೇಬೇಕು. ಕುಟುಂಬವೇ ಸೇವೆಗೆ ಹೊರಟಾಗ ಆ ಕುಟುಂಬ ಕುಟುಂಬವಾಗಿ ಉಳಿಯಬೇಕು. ಈಜಿಪ್ಟಿಗೆ ಹೋಗಲು ದೇವದೂತನು ಹೇಳಿದ್ದು ಜೋಸೆಫರೊಬ್ಬರಿಗೇ ಅಲ್ಲ. ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಹೋಗು ಎಂಬುದು ಆಜ್ಞೆಯಾಗಿತ್ತು. ತಂದೆ ದಿನವಿಡೀ ಪ್ರಾರ್ಥನಾಕೂಟಗಳಲ್ಲಿದ್ದು, ತಾಯಿ ಬಾಡಿಗೆ ಕೋಣೆಯಲ್ಲಿ ಒಂಟಿಯಾಗಿ, ಮಗು ಹೊಸ ಶಾಲೆಯಲ್ಲಿ ಗೆಳೆಯರಿಲ್ಲದೆ ಕುಳಿತರೆ ಅದು ಸುವಾರ್ತೆಗೆ ಸಾಕ್ಷಿಯಾಗುವುದಿಲ್ಲ.

ಧರ್ಮಸಭೆಯ ಕಾನೂನು ಏನೆನ್ನುತ್ತದೆ?

“ಅವರು ಇಲ್ಲಿಯವರಲ್ಲ, ನಾಳೆ ಹೋಗುವವರು” ಎಂಬ ಮಾತು ನಮ್ಮ ಬಾಯಲ್ಲಿ ಸುಲಭವಾಗಿ ಬರುತ್ತದೆ. 1983ರ ಧರ್ಮಸಭೆಯ ಕಾನೂನು ಸಂಹಿತೆ ಹಾಗೆ ಹೇಳುವುದಿಲ್ಲ. 102ನೇ ವಿಧಿ ಎರಡು ಬಗೆಯ ವಾಸಗಳನ್ನು ಗುರುತಿಸುತ್ತದೆ. ಕಾಯಂ ಇರುವ ಉದ್ದೇಶದಿಂದ ಬಂದು ನೆಲೆಸಿದರೆ, ಇಲ್ಲವೇ ಐದು ವರ್ಷ ಪೂರ್ತಿ ಇದ್ದರೆ ಅದು ಕಾಯಂ ವಾಸ. ಕನಿಷ್ಠ ಮೂರು ತಿಂಗಳು ಇರುವ ಉದ್ದೇಶದಿಂದ ಬಂದು ನೆಲೆಸಿದರೆ, ಇಲ್ಲವೇ ಮೂರು ತಿಂಗಳು ಇದ್ದುಬಿಟ್ಟರೆ ಅದು ತಾತ್ಕಾಲಿಕ ವಾಸ. 107ನೇ ವಿಧಿಯ ಪ್ರಕಾರ ಈ ಎರಡೂ ವಾಸಗಳಿಂದ ಆ ಧರ್ಮಕೇಂದ್ರದ ಗುರುಗಳು ಅವರ ಸ್ವಂತ ಗುರುಗಳಾಗುತ್ತಾರೆ. ಎರಡು ವರ್ಷಕ್ಕೆಂದು ಬಂದ ಕುಟುಂಬ ಬಂದು ನೆಲೆಸಿದ ದಿನದಿಂದಲೇ ನಮ್ಮ ಧರ್ಮಕೇಂದ್ರದ್ದು. ಮಗುವಿನ ದೀಕ್ಷಾಸ್ನಾನಕ್ಕೆ, ಮೊದಲ ಪರಮಪ್ರಸಾದದ ತಯಾರಿಗೆ, ಕಾಯಿಲೆಯವರ ಅಭ್ಯಂಗಕ್ಕೆ ಅವರು ಪರರಂತೆ ಅಳುಕುತ್ತಾ ಬರಬೇಕಾಗಿಲ್ಲ.

231ನೇ ವಿಧಿ ಇನ್ನೂ ಮುಂದೆ ಹೋಗುತ್ತದೆ. ಕಾಯಂ ಆಗಿಯೋ ತಾತ್ಕಾಲಿಕವಾಗಿಯೋ ಧರ್ಮಸಭೆಯ ವಿಶೇಷ ಸೇವೆಗೆ ತಮ್ಮನ್ನು ಕೊಟ್ಟುಕೊಂಡ ಶ್ರೀಸಾಮಾನ್ಯರು ತಕ್ಕ ತರಬೇತಿ ಪಡೆಯಬೇಕು. ಅಂಥವರಿಗೆ ತಮ್ಮನ್ನೂ ತಮ್ಮ ಕುಟುಂಬವನ್ನೂ ಸಾಕಲು ಸಾಲುವ ಮರ್ಯಾದೆಯ ಸಂಬಳ, ಭದ್ರತೆ, ಆರೋಗ್ಯದ ನೆರವು ಪಡೆಯುವ ಹಕ್ಕಿದೆ. ಸೇವೆ ಎಂದಮೇಲೆ ಕೊಟ್ಟಷ್ಟು ತೆಗೆದುಕೊಳ್ಳಲಿ ಎನ್ನುವುದು ಭಕ್ತಿಯಲ್ಲ, ಅನ್ಯಾಯ. ಮನೆ ಬಾಡಿಗೆ, ಶಾಲೆಯ ಫೀ, ಗ್ಯಾಸ್ ಸಿಲಿಂಡರ್ ಉಪದೇಶಿಯ ಮನೆಗೂ ಬೇಕು.

ನಾವೇನು ಮಾಡೋಣ?

ಇಂಥ ಕುಟುಂಬ ಬಂದ ಮೊದಲ ಭಾನುವಾರವೇ ಬಲಿಪೂಜೆಯ ನಂತರ ಹೋಗಿ ಮಾತನಾಡಿಸೋಣ. “ಎಷ್ಟ ದಿನಾ ಇರ್ತೀರಿ” ಎನ್ನುವ ಮೊದಲು “ಏನರ ಬೇಕೇನ್ರೀ?” ಎಂದು ಕೇಳೋಣ. ಒಳ್ಳೆಯ ಶಾಲೆ ಯಾವುದು, ಡಾಕ್ಟರು ಎಲ್ಲಿ, ನಲ್ಲಿಗೆ ನೀರು ಯಾವಾಗ ಬರುತ್ತದೆ ಎಂದು ಹೇಳಿಕೊಡೋಣ. ಅಕ್ಕಪಕ್ಕದ ಅಕ್ಕಂದಿರು ಆ ತಾಯಿಯನ್ನು ಮನೆಗೆ ಕರೆಯಲಿ. ನಮ್ಮ ಮಕ್ಕಳು ಆ ಮಗುವನ್ನು ಆಟಕ್ಕೆ ಸೇರಿಸಿಕೊಳ್ಳಲಿ. ವಾರಕ್ಕೊಂದು ಸಂಜೆಯಾದರೂ ಅವರನ್ನು ಯಾವ ಕೂಟಕ್ಕೂ ಕರೆಯದೆ, ಅವರ ಪಾಡಿಗೆ ಅವರು ಕೂಡಿ ಉಣ್ಣಲು ಬಿಡೋಣ.

ಬಂದ ಕುಟುಂಬಕ್ಕೂ ಒಂದು ಮಾತು. ಹೇಗಿದ್ದರೂ ಹೋಗುವವರೇ ಎಂದು ಕಟ್ಟಿದ ಗಂಟನ್ನು ಬಿಚ್ಚದೆ ಇರಬೇಡಿ. ಇಲ್ಲಿನ ಮಾತು, ಇಲ್ಲಿನ ರೊಟ್ಟಿ, ಇಲ್ಲಿನ ನೆರೆಹೊರೆಯನ್ನು ನಿಮ್ಮದಾಗಿಸಿಕೊಳ್ಳಿ. ಪೌಲನು ಕೊರಿಂಥದಲ್ಲಿ ಇದ್ದದ್ದು ಒಂದೂವರೆ ವರ್ಷ ಮಾತ್ರ; ಅಲ್ಲಿ ಹುಟ್ಟಿದ ಭಕ್ತಸಮುದಾಯಕ್ಕೆ ಆತ ಬರೆದ ಪತ್ರಗಳನ್ನು ನಾವು ಇಂದಿಗೂ ಓದುತ್ತೇವೆ.

ದೇವಪುತ್ರನೇ ನಮ್ಮ ನಡುವೆ ಬಿಡಾರ ಹೂಡಿದನು. ಭೂಮಿಯ ಮೇಲೆ ಆತ ಬಾಳಿದ ವರ್ಷಗಳು ಕೆಲವೇ. ಹೀಗಿರುವಾಗ ಸ್ವಲ್ಪ ಕಾಲಕ್ಕೆಂದು ಬಂದವರನ್ನು ಪರಕೀಯರೆಂದು ದೂರವಿಡಲು ನಮಗೆ ಅಧಿಕಾರವೆಲ್ಲಿದೆ? ಈಜಿಪ್ಟಿನ ಯಾವುದೋ ಓಣಿಯಲ್ಲಿ ಯಾರೋ ಒಬ್ಬರು ಆ ಮೂವರಿಗೆ ಬಾಗಿಲು ತೆರೆದಿರಬೇಕು. ಅವರ ಹೆಸರನ್ನು ಪವಿತ್ರ ಗ್ರಂಥ ಹೇಳುವುದಿಲ್ಲ. ಈ ವರ್ಷ ಆ ಹೆಸರಿಲ್ಲದವರ ಸಾಲಿಗೆ ನಮ್ಮ ಮನೆಗಳೂ ಸೇರಲಿ.

ನಿಮಗೆಲ್ಲರಿಗೂ ಪವಿತ್ರ ಕುಟುಂಬದ ಹಬ್ಬದ ಶುಭಾಶಯಗಳು.