90 ನಿಮಿಷ ಮುಗಿದ ಮೇಲೆ ನಮ್ಮ ಆಟ

ಏಪ್ರಿಲ್ 12ರ ಶನಿವಾರ ರಾತ್ರಿ ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಒಂದೇ ಹೊತ್ತಿಗೆ ಎರಡು ಮ್ಯಾಚ್ ನಡೀತಿದ್ವು. ಹಾಲ್‌ನಲ್ಲಿ ಅಪ್ಪ ಟಿವಿ ಮುಂದೆ, ಹೈದರಾಬಾದ್–ಪಂಜಾಬ್ ಐಪಿಎಲ್. ಒಳಗಿನ ಕೋಣೆಯಲ್ಲಿ ನಾನು ಮತ್ತು ನನ್ನ ಅಕ್ಕನ ಮಗ ಲ್ಯಾಪ್‌ಟಾಪ್ ಮುಂದೆ. ಕೋಲ್ಕತ್ತಾದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಮೋಹನ್ ಬಗಾನ್ ನಡುವೆ ಐಎಸ್‌ಎಲ್ ಫೈನಲ್. ನಡುವೆ ಅಮ್ಮ ಗಿರ್ಮಿಟ್ ತಟ್ಟೆ ಹಿಡಿದು ಎರಡೂ ಕಡೆ ಓಡಾಡ್ತಿದ್ಲು. ಯಾವ ಕೋಣೆಯಲ್ಲಿ ಯಾಕೆ ಕೂಗ್ತಾರೆ ಅಂತ ಅವಳಿಗೆ ಗೊತ್ತಾಗಲಿಲ್ಲ.

49ನೇ ನಿಮಿಷಕ್ಕೆ ನಾವು ಕೂಗಿದ್ವಿ. ಬಗಾನ್‌ನ ಡಿಫೆಂಡರ್ ಆಲ್ಬರ್ಟೊ ರೋಡ್ರಿಗಸ್ ಕಾಲಿಗೆ ತಾಗಿ ಚೆಂಡು ಅವರದೇ ಗೋಲಿಗೆ ಹೋಯ್ತು. 1-0. ಐವತ್ತು ಸಾವಿರಕ್ಕೂ ಹೆಚ್ಚು ಜನ ತುಂಬಿದ್ದ ಸ್ಟೇಡಿಯಂ ಒಮ್ಮೆಗೇ ತಣ್ಣಗಾಯ್ತು. 72ನೇ ನಿಮಿಷಕ್ಕೆ ನಮ್ಮ ಬಾಕ್ಸ್‌ನಲ್ಲಿ ಚೆಂಡು ಕೈಗೆ ತಾಗಿ ಪೆನಾಲ್ಟಿ, ಜೇಸನ್ ಕಮಿಂಗ್ಸ್ ಗೋಲು, 1-1. 90 ನಿಮಿಷ ಮುಗಿಯಿತು. ಎಕ್ಸ್‌ಟ್ರಾ ಟೈಮ್‌ನ ಆರನೇ ನಿಮಿಷದಲ್ಲಿ ಜೇಮಿ ಮ್ಯಾಕ್ಲಾರನ್ ಗೋಲು ಹೊಡೆದ. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಹಾಲ್‌ನಿಂದ ಅಪ್ಪನ ಚಪ್ಪಾಳೆ. ಅಲ್ಲಿ ಅಭಿಷೇಕ್ ಶರ್ಮಾ 55 ಎಸೆತಕ್ಕೆ 141 ಬಾರಿಸುವ ಕೆಲಸದಲ್ಲಿದ್ದ. ಅಳಿಯ ಬಾಗಿಲ ಕಡೆ ತಿರುಗಿ, ‘ಅಜ್ಜಾ, ಸ್ವಲ್ಪ ಸುಮ್ಮನಿರ್ರಿ!’ ಅಂದ. ಅವನು ಅಜ್ಜನಿಗೆ ಹಂಗೆ ಜೋರು ಮಾಡಿದ್ದು ನಾನು ಅವತ್ತೇ ನೋಡಿದ್ದು.

2-1. ಬಗಾನ್‌ಗೆ ಕಪ್. ಲೀಗ್ ಶೀಲ್ಡ್ ಮೊದಲೇ ಅವರ ಕೈಲಿತ್ತು, 56 ಅಂಕ ತಗೊಂಡು. ನಾವು 38 ಅಂಕದ ಮೂರನೇ ಸ್ಥಾನದವರು. ಹದಿನೆಂಟು ಅಂಕ ಮುಂದಿದ್ದ ತಂಡದ ಎದುರು, ಅವರದೇ ಮೈದಾನದಲ್ಲಿ, ಎಕ್ಸ್‌ಟ್ರಾ ಟೈಮ್ ತನಕ ನಿಂತಿದ್ವಿ ಅಂತ ಸಮಾಧಾನ ಮಾಡ್ಕೋಬಹುದು. ನಾನು ಮಾಡ್ಕೊಂಡೆ. ಅಳಿಯ ಮಾಡ್ಕೊಳ್ಳಲಿಲ್ಲ.

ಅವನ ಸಂಕಟ ಬೇರೆ ಇತ್ತು. ಒಂಬತ್ತನೇ ಕ್ಲಾಸ್ ಪರೀಕ್ಷೆ ಮುಗಿದಿದೆ, ಜೂನ್‌ಗೆ ಎಸ್ಸೆಸ್ಸೆಲ್ಸಿ. ಮನೆ ಧಾರವಾಡದ ಸಪ್ತಾಪುರ. ಆ ಏರಿಯಾ ಗೊತ್ತಿದ್ದವರಿಗೆ ಹೇಳಬೇಕಿಲ್ಲ, ಬೀದಿಗೆ ನಾಲ್ಕು ಕೋಚಿಂಗ್ ಬೋರ್ಡು. ಅಕ್ಕ ಮಾರ್ಚ್‌ನಲ್ಲೇ ಫೋನ್ ಮಾಡಿದ್ಲು: ‘ಚೆಂಡು ಕೊಡಿಸಿದಾಂವ ನೀನು. ಇನ್ನ ಒಂದು ವರ್ಷ ಅದನ್ನ ಮ್ಯಾಲಿಡು ಅಂತ ಅವಂಗ ನೀನಽ ಹೇಳು.’ ಹೇಳ್ತೀನಿ ಅಂದೆ. ಹೇಳಲಿಲ್ಲ. ಬದಲಿಗೆ ಏಪ್ರಿಲ್ 6ರ ಭಾನುವಾರ ಅವನನ್ನು ಕರ್ಕೊಂಡು ಗೋವಾಕ್ಕೆ ಹೋದೆ.

ಹುಬ್ಬಳ್ಳಿ ಅಭಿಮಾನಿಗಳದ್ದೊಂದು ಮಜಾ ಇದೆ. ನಮ್ಮ ತಂಡದ ತವರು ಕಂಠೀರವ ನಮಗೆ ನಾನೂರು ಕಿಲೋಮೀಟರ್ ದೂರ. ಎದುರಾಳಿ ಎಫ್‌ಸಿ ಗೋವಾದ ಮಡಗಾಂವಿನ ಫತೋರ್ಡಾ ಮೈದಾನ ಇನ್ನೂರರ ಒಳಗೇ. ಬೆಳಗ್ಗೆ ಅಳ್ನಾವರ, ಲೋಂಡಾ, ರಾಮನಗರ ದಾಟಿ ಅನಮೋಡ ಘಾಟ್ ಇಳಿದರೆ ಊಟದ ಹೊತ್ತಿಗೆ ಗೋವಾ. ಮೀನು ತಿಂದು ಮ್ಯಾಚ್‌ಗೆ ಹೋಗಬಹುದು. ನಮಗೆ ತವರಿಗಿಂತ ಪರಸ್ಥಳವೇ ಹತ್ತಿರ.

ಅದು ಸೆಮಿಫೈನಲ್‌ನ ಎರಡನೇ ಲೆಗ್. ಬೆಂಗಳೂರಲ್ಲಿ ನಾವು 2-0 ಗೆದ್ದಿದ್ವಿ, ಅದಕ್ಕೂ ಮುಂಚೆ ಮಾರ್ಚ್ 29ಕ್ಕೆ ಮುಂಬೈ ಸಿಟಿಗೆ 5-0 ಹೊಡೆದಿದ್ವಿ. ಹಂಗಾಗಿ ಆರಾಮಾಗಿ ಕೂತಿದ್ದೆ. ನಮಗೆ ಸಿಕ್ಕ ಟಿಕೆಟ್ ಗೋವಾದವರ ನಡುವೆ. ಅಳಿಯನ ನೀಲಿ ಜೆರ್ಸಿ ಮೇಲೆ ನನ್ನ ಚೆಕ್ಸ್ ಶರ್ಟು ಹಾಕಿಸಿದ್ದೆ. 49ನೇ ನಿಮಿಷಕ್ಕೆ ಬೋರ್ಹಾ ಹೆರೆರಾ ಗೋಲು. 88ಕ್ಕೆ ಅರ್ಮಾಂಡೊ ಸಾದಿಕು. ಎರಡೂ ಲೆಗ್ ಸೇರಿ 2-2. ಸುತ್ತ ಎಲ್ಲರೂ ಎದ್ದು ಕುಣೀತಿದ್ರು, ನಾವಿಬ್ಬರೇ ಕೂತಿದ್ವಿ. 92ನೇ ನಿಮಿಷಕ್ಕೆ ಕ್ರಾಸ್ ಬಂತು, ಸುನಿಲ್ ಛೆಟ್ರಿ ಹೆಡರ್, ಗೋಲು. ಅಳಿಯ ನನ್ನ ತೊಡೆ ಎಷ್ಟು ಜೋರಾಗಿ ಹಿಡಿದನಂದ್ರೆ ಎರಡು ದಿನ ನೀಲಿಯಾಗಿತ್ತು. ಕೂಗೋ ಹಂಗಿಲ್ಲ. ಪಕ್ಕದಲ್ಲಿದ್ದ ಗೋವಾದ ಅಜ್ಜ ನಮ್ಮನ್ನೇ ನೋಡಿ, ಶರ್ಟಿನ ಕಾಲರ್‌ನಿಂದ ಇಣುಕ್ತಿದ್ದ ನೀಲಿ ನೋಡಿ, ನಕ್ಕು ಕೈ ಕುಲುಕಿದರು.

ಆ ಗೋಲಿನಲ್ಲಿ ಇನ್ನೊಂದು ವಿಷಯ ಇದೆ. 2024ರ ಜೂನ್‌ನಲ್ಲಿ ಕುವೈತ್ ವಿರುದ್ಧ ಆಡಿ ಅಂತಾರಾಷ್ಟ್ರೀಯ ಫುಟ್‌ಬಾಲ್‌ಗೆ ವಿದಾಯ ಹೇಳಿದ್ದ ಛೆಟ್ರಿಯನ್ನು 2025ರ ಮಾರ್ಚ್‌ನಲ್ಲಿ ಭಾರತ ತಂಡಕ್ಕೆ ವಾಪಸ್ ಕರೆದ ಕೋಚ್ ಮನೋಲೊ ಮಾರ್ಕೆಸ್. ಆಗ ಎಫ್‌ಸಿ ಗೋವಾದ ಕೋಚ್ ಕೂಡ ಅವರೇ ಆಗಿದ್ದರು. ತಾವೇ ಕರೆದು ತಂದವನ ತಲೆಯಿಂದ ತಮ್ಮ ಸೀಸನ್ ಮುಗಿಯಿತು.

ಈ ಕ್ಲಬ್ಬನ್ನು ಹನ್ನೊಂದು ವರ್ಷದಿಂದ ನೋಡ್ತಿದ್ದೀನಿ. ಬಿವಿಬಿಯಲ್ಲಿ ಓದುವಾಗ, 2013-14ರಲ್ಲಿ, ಹುಟ್ಟಿದ ವರ್ಷವೇ ಐ-ಲೀಗ್ ಗೆದ್ದು ಹುಚ್ಚು ಹಿಡಿಸಿದರು. ಆಮೇಲಿನ ದೊಡ್ಡ ರಾತ್ರಿಗಳನ್ನು ನೆನಪಿಸಿಕೊಂಡರೆ ಬಹಳಷ್ಟು 90 ನಿಮಿಷದ ಆಚೆಯವೇ. 2018ರ ಮಾರ್ಚ್ 17, ಕಂಠೀರವದಲ್ಲಿ ಚೆನ್ನೈಯಿನ್ ವಿರುದ್ಧ ಫೈನಲ್: ಹೊಸ ಕೆಲಸದ ಸಂಬಳದಲ್ಲಿ ಟಿಕೆಟ್ ತಗೊಂಡು ಹೋಗಿದ್ದೆ. ಕೊನೆಗಳಿಗೆಯಲ್ಲಿ ಮಿಕು ಒಂದು ಗೋಲು ಹೊಡೆದ, ಆದ್ರೂ 3-2ರಲ್ಲಿ ಸೋತ್ವಿ. ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ಕ್ಕೆ, ಮುಂಬೈಯಲ್ಲಿ 117ನೇ ನಿಮಿಷ, ಕಾರ್ನರ್, ರಾಹುಲ್ ಭೇಕೆ ಹೆಡರ್, ಕಪ್ ನಮ್ಮದು. 2023ರ ಮಾರ್ಚ್ 3ಕ್ಕೆ ಕೇರಳ ಬ್ಲಾಸ್ಟರ್ಸ್ ವಿರುದ್ಧ ಎಕ್ಸ್‌ಟ್ರಾ ಟೈಮ್‌ನಲ್ಲಿ ಛೆಟ್ರಿ, ಎದುರಾಳಿ ಸಾಲುಗಟ್ಟುವ ಮೊದಲೇ ಫ್ರೀಕಿಕ್ ಹೊಡೆದುಬಿಟ್ಟರು. ಬ್ಲಾಸ್ಟರ್ಸ್ ಮೈದಾನ ಬಿಟ್ಟೇ ನಡೆದರು. ಅದೇ ತಿಂಗಳು 18ಕ್ಕೆ ಫತೋರ್ಡಾದಲ್ಲಿ ಇದೇ ಬಗಾನ್ ಎದುರು 2-2, ಪೆನಾಲ್ಟಿಯಲ್ಲಿ ಸೋಲು. ಆ ರಾತ್ರಿ ಘಾಟ್ ಹತ್ತುವಾಗ ಕಾರಿನಲ್ಲಿದ್ದ ನಾಲ್ವರಲ್ಲಿ ಯಾರೂ ಮಾತಾಡಲಿಲ್ಲ.

ಆ ಮಾರ್ಚ್ 3ರ ಮರುದಿನ ಏನಾಯ್ತು ಗೊತ್ತಾ? ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 1968-69ರಲ್ಲಿ, ಮೈಸೂರು ರಾಜ್ಯ ಅಂತ ಹೆಸರಿದ್ದಾಗ ಗೆದ್ದ ಮೇಲೆ ಮೊದಲ ಸಲ. ಸೋಮವಾರ ನಮ್ಮ ಟೀಮ್ ಕಾಲ್‌ನಲ್ಲಿ ಹೇಳಿದ್ರೆ, ‘ಸಂತೋಷ್ ಯಾರು?’ ಅಂತ ಕೇಳಿದ್ರು. ಅದೇ ಹುಡುಗರು ರಾತ್ರಿ ಒಂದೂವರೆ ತನಕ ಎದ್ದು ಬಾರ್ಸಿಲೋನಾ ನೋಡ್ತಾರೆ, ಲಿವರ್‌ಪೂಲ್‌ನ ಬೆಂಚ್ ಮೇಲೆ ಕೂತವರ ಹೆಸರೂ ಹೇಳ್ತಾರೆ. ಗುರ್‌ಪ್ರೀತ್ ಸಿಂಗ್ ಸಂಧು ಯಾರು ಅಂದ್ರೆ ಗೂಗಲ್ ಮಾಡ್ತಾರೆ. ಬೈಯೋಕೆ ಹೇಳ್ತಿಲ್ಲ, ನಾನೂ ಬಾರ್ಸಿಲೋನಾ ನೋಡೋನೇ.

ಆ ಸೀಸನ್ ಬಗ್ಗೆ ನನಗೊಂದು ತಕರಾರಿದೆ. ಛೆಟ್ರಿ ಈ ಲೀಗ್‌ನಲ್ಲಿ 14 ಗೋಲು ಹೊಡೆದರು, ಭಾರತೀಯರಲ್ಲಿ ಅವರೇ ಮೊದಲು. ಡಿಸೆಂಬರ್ 7ಕ್ಕೆ ಬ್ಲಾಸ್ಟರ್ಸ್ ವಿರುದ್ಧ 4-2 ಗೆದ್ದಾಗ ಹ್ಯಾಟ್ರಿಕ್. ಆಗ ವಯಸ್ಸು ನಲವತ್ತು. ನಾನು ಮೂವತ್ತಕ್ಕೇ ವಿದ್ಯಾನಗರದ ಟರ್ಫ್‌ನಲ್ಲಿ ಇಪ್ಪತ್ತು ನಿಮಿಷ ಆಡಿ ಸೊಂಟ ಹಿಡ್ಕೊಂಡು ಕೂರ್ತೀನಿ, ಹಾಗಾಗಿ ಮೆಚ್ಚುಗೆಗೆ ಕೊರತೆಯಿಲ್ಲ. ಆದರೆ 2002ರಲ್ಲಿ, ಹದಿನೇಳರ ವಯಸ್ಸಲ್ಲಿ ಇದೇ ಮೋಹನ್ ಬಗಾನ್‌ನಿಂದ ಶುರು ಮಾಡಿದ ಆಟಗಾರನೇ 2025ರಲ್ಲೂ ದೇಶಕ್ಕೆ ಗೋಲು ಹೊಡೀಬೇಕು ಅಂದ್ರೆ, ನಡುವಿನ ಇಪ್ಪತ್ತಮೂರು ವರ್ಷ ಸ್ಟ್ರೈಕರ್‌ಗಳನ್ನು ತಯಾರಿಸುವ ಕೆಲಸ ಯಾರು ಮಾಡಿದರು? ನಮ್ಮ ಆಫೀಸ್ ಭಾಷೆಯಲ್ಲಿ ಇಡೀ ಸಿಸ್ಟಮ್ ಒಬ್ಬನ ಮೇಲೆ ನಿಂತಿದೆ, ಬ್ಯಾಕಪ್ ಇಲ್ಲ. ಒಂದೇ ಸಮಾಧಾನ: ಸೀಸನ್‌ನ ಮೊದಲ ಮ್ಯಾಚ್‌ನಲ್ಲಿ, ಈಸ್ಟ್ ಬೆಂಗಾಲ್ ವಿರುದ್ಧ, ಗೆಲುವಿನ ಒಂದೇ ಗೋಲು ಹೊಡೆದದ್ದು ಹತ್ತೊಂಬತ್ತರ ಹುಡುಗ ವಿನೀತ್ ವೆಂಕಟೇಶ್. ಅಳಿಯನ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಇರೋದು ಛೆಟ್ರಿ ಹೆಸರಲ್ಲ, ವಿನೀತ್ ಹೆಸರು.

ಫೈನಲ್ ಮುಗಿದ ಮೇಲೆ ಅವನು ಲ್ಯಾಪ್‌ಟಾಪ್ ಮುಚ್ಚಲಿಲ್ಲ. ಬಗಾನ್‌ನವರು ಕಪ್ ಎತ್ತುವ ತನಕ ನೋಡಿದ. ಆಮೇಲೆ ಕೇಳಿದ, ‘ಮಾಮಾ, ಮುಂದಿನ ಸೀಸನ್ ಯಾವಾಗ?’

ಯಾವಾಗಲೂ ಸೆಪ್ಟೆಂಬರ್ ಅಂತಿದ್ದೆ. ಈ ಸಲ ಬಾಯಿ ಬರಲಿಲ್ಲ. ಲೀಗ್ ನಡೆಸುವ ಕಂಪನಿಗೂ ಫುಟ್‌ಬಾಲ್ ಫೆಡರೇಶನ್‌ಗೂ 2010ರಲ್ಲಿ ಆದ ಹದಿನೈದು ವರ್ಷದ ಒಪ್ಪಂದ 2025ರ ಡಿಸೆಂಬರ್‌ಗೆ ಮುಗಿಯೋದಿತ್ತು. ಸೀಸನ್‌ನ ನಡುವೆಯೇ. ಹೊಸದು ಆಗ ಸಹಿ ಆಗಿರಲಿಲ್ಲ. ಇಡೀ ಲೀಗೇ ಈಗ ಎಕ್ಸ್‌ಟ್ರಾ ಟೈಮ್‌ನಲ್ಲಿದೆ ಅಂತ ಅವನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, ‘ಹಂಗಾದ್ರ ನಾನು ಎಸ್ಸೆಸ್ಸೆಲ್ಸಿ ಮುಗಿಸೂದ್ರಾಗ ಅವರೂ ಮುಗಸ್ತಾರ ಬಿಡು’ ಅಂದ.

ಮರುದಿನ ಅಕ್ಕನಿಗೆ ಫೋನ್ ಮಾಡಿದೆ. ಚೆಂಡು ಮೇಲಿಡು ಅಂತ ಹೇಳೋದು ನನ್ನಿಂದ ಆಗಲ್ಲ, ಹತ್ತನೇ ಕ್ಲಾಸಿಗೆ ಬೂಟು ಮೇಲಿಟ್ಟು ಆಮೇಲೆ ಇಳಿಸದೇ ಇದ್ದವನು ನಾನೇ ಅಲ್ವಾ, ಅಂದೆ. ಅವಳಿಗೆ ಅದು ನೆನಪಿತ್ತು. ಅಪ್ಪ ಆ ಬೂಟನ್ನು ಯಾರಿಗೆ ಕೊಟ್ಟರು ಅನ್ನೋದೂ ನೆನಪಿತ್ತು. ತುಂಬ ಹೊತ್ತು ವಾದ ಆಯ್ತು. ಗಣಿತ, ಮಾರ್ಕ್ಸು, ನನ್ನ ಸಂಬಳ, ಎಲ್ಲ ಬಂತು.

ಸೋಮವಾರ ಬೆಳಗ್ಗೆ ಅವನನ್ನು ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಬಿಟ್ಟು ಬಂದೆ. ಬುಧವಾರ ಅಕ್ಕನ ಮೆಸೇಜ್: ‘ಆರಕ್ಕ ಕೆಸಿಡಿ ಗ್ರೌಂಡಿಗೆ ಹೋಗ್ಯಾನ. ಟ್ಯೂಷನ್ ಏಳೂವರಿಗೆ. ತಡಾ ಮಾಡಿದ್ರ ನಿನಗಽ ಫೋನ್ ಹಚ್ಚತೀನಿ.’